ವಾಚನಾಲಯದಲ್ಲಿ ಕಾಯಿದೆಗೂ ಒಂದು ಕಪಾಟು ಬೇಕು

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯನ್ನು ನಮ್ಮ ರೈತಬಾಂಧವರೆಲ್ಲರೂ ಬಲ್ಲರು. ಆದರೆ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಮುಂಚೆಯೇ ಸೋಲುವವರು ನಮ್ಮಲ್ಲಿ ಹೆಚ್ಚು. ಕಚೇರಿಯಿಂದ ಬಂದ ನೋಟೀಸನ್ನು ಯಾರಿಂದಲೂ ಓದಿಸಿಕೊಳ್ಳದೆ ಗೂಡಿನಲ್ಲಿಟ್ಟು ಗಡುವು ಕಳೆದುಕೊಳ್ಳುವವರಿದ್ದಾರೆ. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಹೊಲ ಅವನ ಹೆಸರಿನಲ್ಲೇ ಉಳಿದು, ಬ್ಯಾಂಕಿನ ಸಾಲ ಸಿಗದವರಿದ್ದಾರೆ. ಒಂದು ಅರ್ಜಿ ಬರೆಸಲು ತೊಗರಿ ಮಾರಿದ ಹಣವನ್ನು ದಲ್ಲಾಳಿಗೆ ಎಣಿಸುವವರಿದ್ದಾರೆ. ಇವರಿಗೆ ಮೊದಲು ಬೇಕಾದುದು ತಿಳಿವಳಿಕೆ, ವಕೀಲರು ಆಮೇಲೆ. ಆ ತಿಳಿವಳಿಕೆಯು ಪುಕ್ಕಟೆಯಾಗಿ ದೊರೆಯತಕ್ಕ ಸ್ಥಳ ಸಾರ್ವಜನಿಕ ವಾಚನಾಲಯವೆಂಬುದು ನಮ್ಮ ಅಭಿಪ್ರಾಯ.

ಇದು ಭಿಕ್ಷೆಯ ಮಾತಲ್ಲ. ಹೈದರಾಬಾದು ಸಂಸ್ಥಾನದಲ್ಲಿ 1955ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಾಯಿತು. ಬಳಿಕ 1960ರ ಆಂಧ್ರ ಪ್ರದೇಶದ ಕಾಯಿದೆ ಬಂತು. ತೆಲಂಗಾಣದಲ್ಲಿ ಈಗಲೂ ಅದೇ ನಡೆಯುತ್ತಿದೆ. ಅದರಂತೆ ಮನೆತೆರಿಗೆಯ ರೂಪಾಯಿಗೆ 8 ಪೈಸೆ ಗ್ರಂಥಾಲಯ ಕರವೆಂದು ನಮ್ಮಿಂದಲೇ ವಸೂಲಾಗಿ ಜಿಲ್ಲಾ ಗ್ರಂಥಾಲಯ ಸಂಸ್ಥೆಗೆ ಸೇರಬೇಕು. ಗುಂಡುಮಾಲ್ ಮಂಡಲವಾದದ್ದು 2022ರಲ್ಲಿ. ಕರ ಕೊಟ್ಟವರು ಅದರ ಫಲವನ್ನು ಕೇಳುವುದರಲ್ಲಿ ತಪ್ಪೇನಿದೆ?

‘ಎಲ್ಲರ ಕೈಯಲ್ಲೂ ಫೋನಿದೆ, ಇನ್ನು ವಾಚನಾಲಯವೇತಕ್ಕೆ?’ ಎಂದು ಹುಡುಗರು ಕೇಳುತ್ತಾರೆ. ಗಡಿಯ ಕನ್ನಡಿಗರಾದ ನಮಗೆ ಇಲ್ಲಿಯೇ ದೊಡ್ಡ ಅಪಾಯವಿದೆ. ಕನ್ನಡದಲ್ಲಿ ಕೇಳಿದರೆ ಫೋನು ಹೆಚ್ಚಾಗಿ ಕರ್ನಾಟಕದ ಕಾಯಿದೆಯನ್ನೇ ಹೇಳುತ್ತದೆ. ನಮ್ಮ ಮಾತು ಕನ್ನಡವಾದರೂ ಹೊಲವಿರುವುದು ತೆಲಂಗಾಣದಲ್ಲಿ. ಅಲ್ಲಿ ಪೌತಿ ಖಾತೆ ಎನ್ನುವುದಕ್ಕೆ ಇಲ್ಲಿ ವಿರಾಸತ್ ಎನ್ನುತ್ತಾರೆ. ಹೆಸರಷ್ಟೇ ಅಲ್ಲ, ಅರ್ಜಿಯ ನಮೂನೆ, ವಿಚಾರಿಸುವ ಅಧಿಕಾರಿ, ಮೇಲ್ಮನವಿಯ ದಾರಿ ಎಲ್ಲವೂ ಬೇರೆ. ಗುರುಮಠಕಲ್ಲಿನ ಬೀಗರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಬುದ್ಧಿಮಾತು ನಾರಾಯಣಪೇಟೆಯ ಕಚೇರಿಯಲ್ಲಿ ನಡೆಯದು.

ಕಾಯಿದೆಗಳಾದರೂ ಒಂದೇ ಸಮನೆ ನಿಲ್ಲುವುದಿಲ್ಲ. 2020ರ ಪಟ್ಟಾದಾರ ಪಾಸುಪುಸ್ತಕ ಕಾಯಿದೆಯಿಂದ ಕಂದಾಯ ಕೋರ್ಟುಗಳು ರದ್ದಾಗಿ ‘ಧರಣಿ’ ಬಂತು. 2025ರ ಏಪ್ರಿಲ್ 14ರಂದು ‘ಭೂಭಾರತಿ’ ಜಾರಿಗೆ ಬಂದು ಆ ವ್ಯವಸ್ಥೆ ಹೋಯಿತು. ಕಂದಾಯ ಅಧಿಕಾರಿಗಳ ಮುಂದೆ ಮೇಲ್ಮನವಿಗೆ ಮತ್ತೆ ಅವಕಾಶವಾಯಿತು. ಮೊದಲ ಪ್ರಯೋಗಕ್ಕೆ ಆರಿಸಿದ ನಾಲ್ಕು ಮಂಡಲಗಳಲ್ಲಿ ನೆರೆಯ ಮದ್ದೂರು ಒಂದು. ಹೀಗಿರುವಾಗ 2021ರ ಕೈಪಿಡಿಯನ್ನು ನಂಬಿ ಇಂದು ಅರ್ಜಿ ಹಾಕುವುದೆಂದರೆ ಮೊಳಕೆ ಸತ್ತ ಹಳೆಯ ಬೀಜ ಬಿತ್ತಿದ ಹಾಗೆ. ಆದುದರಿಂದ ಕಾಯಿದೆಯ ಕಪಾಟಿನ ಪ್ರತಿ ಪುಸ್ತಕದ ಮೇಲೂ ಯಾವ ವರ್ಷದ್ದು, ಯಾವ ರಾಜ್ಯದ್ದು ಎಂದು ದಪ್ಪಕ್ಷರದಲ್ಲಿ ಬರೆದಿರಬೇಕು. ರದ್ದಾದುದನ್ನು ತೆಗೆದಿಡಬೇಕು.

ಗ್ರಂಥಪಾಲಕರು ವಕೀಲಿಕೆ ಮಾಡತಕ್ಕದ್ದಲ್ಲ. ‘ಈ ದಾವೆ ಹೂಡು’ ಎಂದು ಹೇಳುವುದು ಅವರ ಕೆಲಸವಲ್ಲ. ‘ಈ ವಿಷಯ ಈ ಪುಟದಲ್ಲಿದೆ, ಮುಂದೆ ಕೇಳಬೇಕಾದವರು ಇಂಥವರು’ ಎಂದು ತೋರಿಸಿದರೆ ಸಾಕು. ಮುಂದಿನವರೂ ಇದ್ದಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ನೋಡದೆ ವಕೀಲರನ್ನು ಪುಕ್ಕಟೆ ಕೊಡಬೇಕೆಂದು ಅದರಲ್ಲಿದೆ. ಉಳಿದ ಬಡವರಿಗೆ ಆದಾಯದ ಮಿತಿಯುಂಟು. 15100 ಎಂಬ ನಂಬರಿಗೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀ ವಾಪಸು ಬರುತ್ತದೆ. ಆದರೆ ಆ ತೀರ್ಪಿನ ಮೇಲೆ ಅಪೀಲಿಲ್ಲ. ಇದನ್ನು ರುಜು ಹಾಕುವ ಮೊದಲು ತಿಳಿಯಬೇಕೋ, ಹಾಕಿದ ಮೇಲೋ?

ಭಾಷೆಯ ವಿಷಯದಲ್ಲಿ ಅಂಜಬೇಕಾಗಿಲ್ಲ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸಬಹುದು, ಕನ್ನಡದಲ್ಲೂ ಸಲ್ಲಿಸಬಹುದು. 2005ರ ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕು. ಬರೆಯಲಾರದವನು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ಸಂಬಂಧಿಸಿದ ಅಧಿಕಾರಿಯೇ ನೆರವಾಗಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಉತ್ತರಕ್ಕೆ 30 ದಿನದ ಗಡುವು. ಬಡತನದ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ.

ಇನ್ನು ಮಾಡಬೇಕಾದ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ, ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಜಿಲ್ಲೆಗೆ ಸೇರಿತು ಎಂದು ಕೇಳಿರಿ. ಭೂಭಾರತಿ ಕಾಯಿದೆ ಮತ್ತು ನಿಯಮ, ಉಚಿತ ಕಾನೂನು ನೆರವಿನ ಕರಪತ್ರ, ಮಾಹಿತಿ ಹಕ್ಕು, ಪಂಚಾಯತಿ ಕಾಯಿದೆ ಇಷ್ಟಾದರೂ ಕಪಾಟಿನಲ್ಲಿರಲಿ. ಸಂತೆಯ ದಿನ ಎರಡು ತಾಸು ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರೊಬ್ಬರು ವಾಚನಾಲಯದಲ್ಲಿ ಕೂರುವಂತೆ ಅರ್ಜಿ ಕೊಡಿರಿ. ನಾವು ಮಾಸ್ತರರಾದವರು ತೆಲುಗು ಕಾಯಿದೆಯ ಸಾರವನ್ನು ಒಂದೊಂದು ಹಾಳೆಯಷ್ಟು ಕನ್ನಡದಲ್ಲಿ ಬರೆದು, ತಿಳಿದವರಿಗೆ ತೋರಿಸಿ ತಿದ್ದಿಸಿ, ಅಲ್ಲಿ ತೂಗುಹಾಕುವ ಭಾರ ಹೊರಬೇಕು. ಗಡಿಯಾಚೆ ಕರ್ನಾಟಕದಲ್ಲಿ ಪಂಚಾಯತಿ ವಾಚನಾಲಯಕ್ಕೆ ‘ಅರಿವು ಕೇಂದ್ರ’ವೆಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಹೆಸರು ಯಾವುದಾದರೂ ಇರಲಿ, ನೋಟೀಸು ಕೈಗೆ ಬಂದ ದಿನವೇ ಬಡ ರೈತನು ಧೈರ್ಯವಾಗಿ ಹೋಗಿ ಕೂರುವ ಒಂದು ಬೆಂಚಾದರೂ ಇರಲಿ.