ಬೇಲಿಯೇ ಹೊಲ ಮೇಯ್ದ ಕಥೆ

ಕ್ರುಸೇಡ್ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಜೆರುಸಲೇಮ್. ಆದರೆ ಆ ಯುದ್ಧಗಳಿಂದ ಹುಟ್ಟಿದ ಯೋಧ ಸನ್ಯಾಸಿಗಳ ಸಂಘಗಳು ದೂರದ ಪೋಲೆಂಡಿನಲ್ಲೂ ಬೇರುಬಿಟ್ಟವು. ದಂಡೆತ್ತಿ ಬಂದಲ್ಲ, ಕರೆಸಿಕೊಂಡು!

ಸಾಂಡೊಮಿಯೆಜ್‌ನ ರಾಜಕುಮಾರ ಹೆನ್ರಿಕ್ 1154ರಲ್ಲಿ ಜೆರುಸಲೇಮಿಗೆ ಹೋಗಿಬಂದ. ಅಲ್ಲಿ ಯಾತ್ರಿಕರಿಗಾಗಿ ಆಸ್ಪತ್ರೆ ನಡೆಸುತ್ತ, ಕತ್ತಿಯನ್ನೂ ಹಿಡಿದಿದ್ದ ಹಾಸ್ಪಿಟಲರ್ ಸಂಘಕ್ಕೆ ತನ್ನ ನಾಡಿನ ಜಾಗೊಶ್ಚ್‌ನಲ್ಲಿ ಭೂಮಿ ದಾನ ಮಾಡಿದ. ಕೊಟ್ಟವರಿಗೆ ಪುಣ್ಯ, ಪಡೆದವರಿಗೆ ಹಳ್ಳಿಗಳ ಹುಟ್ಟುವಳಿ. ಮುಂದೆ ಟೆಂಪ್ಲರ್‌ಗಳಿಗೂ ಜಮೀನು ಸಿಕ್ಕಿತು.

ನಿಜವಾದ ಪೇಚು ಶುರುವಾದದ್ದು ಮಜೋವಿಯದ ಡ್ಯೂಕ್ ಕೊನ್ರಾಡ್‌ನಿಂದ. ಅವನ ಗಡಿಯಾಚೆ ಇದ್ದವರು ಪ್ರಷ್ಯನ್ನರು. ಕ್ರೈಸ್ತರೂ ಅಲ್ಲ, ಜರ್ಮನರೂ ಅಲ್ಲ. ತಮ್ಮದೇ ಭಾಷೆ, ತಮ್ಮದೇ ದೇವರುಗಳಿದ್ದ ಜನ. ಅವರ ದಾಳಿ ತಡೆಯಲು 1226ರಲ್ಲಿ ಅವನು ಜರ್ಮನರ ಟ್ಯೂಟಾನಿಕ್ ಸಂಘವನ್ನು ಕರೆದು, ಹೆಲ್ಮ್ನೊ ಪ್ರಾಂತ್ಯ ಕೊಡುವೆನೆಂದ. ಹಂಗೆರಿಯ ದೊರೆ ಅದೇ ಸಂಘವನ್ನು ಹಿಂದಿನ ವರ್ಷವಷ್ಟೇ ಹೊರಗಟ್ಟಿದ್ದ. ಕೊನ್ರಾಡ್ ಅವನನ್ನೊಮ್ಮೆ ವಿಚಾರಿಸಬಾರದಿತ್ತೇ? ಕಾವಲಿಗೆ ಬಂದವರು, ತಾವು ಗೆದ್ದ ನೆಲ ತಮ್ಮದೇ ಎಂದು ಚಕ್ರವರ್ತಿಯಿಂದಲೂ ಪೋಪರಿಂದಲೂ ಪತ್ರ ಮಾಡಿಸಿಕೊಂಡರು. ಪ್ರಷ್ಯ ಅವರ ಸ್ವಂತ ರಾಜ್ಯವೇ ಆಯಿತು.

ಪೋಲೆಂಡ್ ಅಷ್ಟಕ್ಕೂ ಬುದ್ಧಿ ಕಲಿಯಲಿಲ್ಲ. 1308ರಲ್ಲಿ ಬ್ರಾಂಡೆನ್‌ಬರ್ಗ್‌ನವರು ಗ್ದಾನ್ಸ್ಕ್‌ಗೆ ಮುತ್ತಿಗೆ ಹಾಕಿದಾಗ ಮತ್ತೆ ಅವರನ್ನೇ ನೆರವಿಗೆ ಕರೆಯಿತು. ಅವರು ಬಂದರು, ಶತ್ರುವನ್ನು ಓಡಿಸಿದರು. ಆಮೇಲೆ ಪಟ್ಟಣದಲ್ಲಿ ಕೊಲೆ ಸುಲಿಗೆ ಮಾಡಿ ಅದನ್ನು ತಾವೇ ಇಟ್ಟುಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಪೋಲೆಂಡ್ ಪೋಪರಿಗೆ ದೂರು ಕೊಟ್ಟಿತು. 1339ರಲ್ಲಿ ವಾರ್ಸಾದಲ್ಲಿ ನಡೆದ ವಿಚಾರಣೆಯಲ್ಲಿ ಪಾದ್ರಿಗಳು, ಯೋಧರು, ಪಟ್ಟಣಿಗರು ಸೇರಿ ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ತೀರ್ಪು ಪೋಲೆಂಡಿನ ಪರ ಬಂತು. ಸಂಘ ಕಿವಿಗೊಡಲಿಲ್ಲ.

1410ರಲ್ಲಿ ಗ್ರುನ್‌ವಾಲ್ಡ್ ರಣರಂಗದಲ್ಲಿ ಪೋಲಿಷ್ ಮತ್ತು ಲಿಥುವೇನಿಯನ್ ಸೇನೆ ಸಂಘವನ್ನು ಸೋಲಿಸಿದ್ದನ್ನು ಅಲ್ಲಿನ ಮಕ್ಕಳೆಲ್ಲ ಬಲ್ಲರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಒಬ್ಬ ಮೇಷ್ಟರ ಮಾತು. ಕ್ರಾಕೋವ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದ ಪಾವೆಲ್ ವ್ಲೊದ್ಕೊವಿತ್ಸ್, 1414ರಿಂದ 1418ರವರೆಗೆ ನಡೆದ ಕಾನ್‌ಸ್ಟನ್ಸ್ ಧರ್ಮಸಭೆಯಲ್ಲಿ ವಾದ ಮಂಡಿಸಿದ. ಕ್ರೈಸ್ತರಲ್ಲ ಎಂಬ ಒಂದೇ ಕಾರಣಕ್ಕೆ ನೆಮ್ಮದಿಯಿಂದ ಬಾಳುವವರ ನೆಲ ಕಸಿಯುವ ಹಕ್ಕು ಯಾರಿಗೂ ಇಲ್ಲ ಎಂದ. ಧರ್ಮಗುರುಗಳು ತುಂಬಿದ್ದ ಸಭೆಯಲ್ಲಿ ಇದನ್ನು ಆಡಲು ಎದೆಗಾರಿಕೆ ಬೇಕಿತ್ತು.

ಪ್ರಷ್ಯನ್ನರ ಪಾಲಿಗೆ ಆ ಮಾತು ಬಹಳ ತಡವಾಗಿ ಬಂತು. 1525ರಲ್ಲಿ ಸಂಘದ ಮುಖ್ಯಸ್ಥ ಆಲ್ಬ್ರೆಕ್ಟ್ ಸನ್ಯಾಸ ತೊರೆದು, ಕ್ರಾಕೋವ್‌ನ ಮಾರುಕಟ್ಟೆ ಚೌಕದಲ್ಲಿ ಪೋಲೆಂಡಿನ ದೊರೆಗೆ ಮಂಡಿಯೂರಿ, ಪ್ರಷ್ಯದ ಡ್ಯೂಕ್ ಆದ. ಪ್ರಷ್ಯನ್ ಭಾಷೆಯಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1545ರಲ್ಲಿ. ಅದು ಕ್ರೈಸ್ತ ಧರ್ಮಬೋಧೆಯ ಪ್ರಶ್ನೋತ್ತರ. 18ನೇ ಶತಮಾನದ ಆರಂಭದ ಹೊತ್ತಿಗೆ ಅದನ್ನು ಆಡುವವರೇ ಇಲ್ಲವಾದರು.