ಪುರಸಭೆಗೆ ಬರೆಯುವ ಅರ್ಜಿ

“ನಮ್ಮ ಬೀದಿಯ ನಲ್ಲಿಯಲ್ಲಿ ಕೆಟ್ಟ ನೀರು ಬರುತ್ತಿದೆ. ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.” ಪುರಸಭೆಗಳಿಗೂ ಗ್ರಾಮ ಪಂಚಾಯತಿಗಳಿಗೂ ಇಂಥ ಅರ್ಜಿಗಳು ಎಷ್ಟೋ ಹೋಗುತ್ತವೆ. ನಾನೂ ಒಮ್ಮೆ ಇಂಥದೊಂದನ್ನು ಬರೆದುದುಂಟು. ಮೂರು ದಿನಗಳ ಮೇಲೆ ನೌಕರನೊಬ್ಬನು ನಡುಮಧ್ಯಾಹ್ನ ಬಂದು, ತೊಟ್ಟಿಯಲ್ಲಿ ತಿಳಿಯಾಗಿ ನಿಂತಿದ್ದ ನೀರನ್ನು ನೋಡಿ, ದೂರಿನಲ್ಲಿ ಹುರುಳಿಲ್ಲವೆಂದು ಬರೆದುಕೊಂಡು ಹೋದನು. ಆತನನ್ನು ಮನಸಾರೆ ಬೈದುಕೊಂಡದ್ದಾಯಿತು. ಆದರೆ ನೀರು ಯಾವ ಹೊತ್ತಿನಲ್ಲಿ, ಯಾವ ಯಾವ ಮನೆಗಳಲ್ಲಿ ಕೆಟ್ಟು ಬರುತ್ತದೆಂಬುದರ ಬಗೆಗೆ ನನ್ನ ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲವೆಂಬುದು ಅನಂತರ ಹೊಳೆಯಿತು.

ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರುಗಳಲ್ಲಿ, ನೀರು ನಿಂತೊಡನೆ ಕೊಳವೆಯೊಳಗಿನ ಒತ್ತಡವು ಇಳಿಯುತ್ತದೆ. ಎಲ್ಲಿಯಾದರೂ ಬಿರುಕಿದ್ದು, ಅದರ ಪಕ್ಕದಲ್ಲಿ ಚರಂಡಿಯೂ ಇದ್ದರೆ, ಕೊಳೆನೀರು ಒಳಕ್ಕೆ ಸೇರಬಹುದು. ಮತ್ತೆ ನೀರು ಬಿಟ್ಟಾಗ ಮೊದಲ ಕೆಲವು ನಿಮಿಷ ಆ ಕೊಳೆ ನಲ್ಲಿಗೆ ಬಂದು, ಬಳಿಕ ತಿಳಿಯಾಗುತ್ತದೆ. ನಡುಮಧ್ಯಾಹ್ನ ನೋಡಿದವನಿಗೆ ಏನು ಕಂಡೀತು? ಬೀದಿಯ ಮೇಲ್ಭಾಗದ ನಾಲ್ಕು ಮನೆಗಳಲ್ಲಿ ಒಳ್ಳೆಯ ನೀರು, ಐದನೆಯ ಮನೆಯಿಂದ ಕೆಳಕ್ಕೆ ನಾತದ ನೀರು ಎಂದು ತಿಳಿದರೆ, ಬಿರುಕು ಆ ಎರಡು ಮನೆಗಳ ನಡುವೆ ಇರುವ ಸಂಭವವೇ ಹೆಚ್ಚು. ಇಷ್ಟನ್ನು ಅರಿಯಲು ಒಂದು ಗಡಿಯಾರ, ಒಂದು ಗಾಜಿನ ಲೋಟ ಸಾಕು. ಕಾಲೇಜಿನ ರಸಾಯನ ಪ್ರಯೋಗಶಾಲೆಯ ನೆರವಿದ್ದರೆ ನೀರಿನಲ್ಲಿ ಉಳಿದಿರುವ ಕ್ಲೋರಿನ್ನನ್ನೂ ಅಳೆಯಬಹುದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಗೊತ್ತುಪಡಿಸಿರುವಂತೆ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಸ್ಥಳೀಯ ಆಡಳಿತದ ಮುಂದೆ ಇಂಥ ಲೆಕ್ಕವನ್ನು ಇಟ್ಟವರಲ್ಲಿ ವೈದ್ಯ ಜಾನ್ ಸ್ನೋ ಪ್ರಸಿದ್ಧನು. 1854ರಲ್ಲಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ತಲೆದೋರಿ, ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ರೋಗವು ದುರ್ಗಂಧದಿಂದ ಹರಡುತ್ತದೆಂಬುದು ಆಗಿನ ಬಹುಜನರ ನಂಬಿಕೆ. ಸ್ನೋ ಸತ್ತವರ ಮನೆಗಳಿಗೆ ಹೋಗಿ, ಅವರು ಎಲ್ಲಿಯ ನೀರನ್ನು ಕುಡಿಯುತ್ತಿದ್ದರೆಂದು ವಿಚಾರಿಸಿದನು. ಬ್ರಾಡ್ ಬೀದಿಯ ಕೈಪಂಪಿನ ಸುತ್ತಣ 73 ಸಾವುಗಳಲ್ಲಿ 61 ಜನ ಆ ಪಂಪಿನ ನೀರನ್ನು ಕುಡಿದವರು. ಆರು ಜನರ ವಿಷಯ ತಿಳಿಯಲಿಲ್ಲ. ಇನ್ನು ಆರು ಜನ ಅದನ್ನು ಕುಡಿದಿರಲಿಲ್ಲವೆಂದು ಗೊತ್ತಾಯಿತು. ತನ್ನ ವಾದಕ್ಕೆ ಒಗ್ಗದ ಈ ಹನ್ನೆರಡನ್ನು ಆತನು ಮುಚ್ಚಿಡದೆ ಬರೆದಿಟ್ಟನು. ನಮ್ಮ ಅರ್ಜಿಗಳಲ್ಲಿ ಎಂದೂ ಕಾಣದ ಗುಣವಿದು! ಸೆಪ್ಟೆಂಬರ್ 7ರಂದು ಆತನು ಸ್ಥಳೀಯ ಮಂಡಲಿಯನ್ನು ಕಂಡನು; ಮರುದಿನವೇ ಪಂಪಿನ ಹಿಡಿಯನ್ನು ಕಳಚಲಾಯಿತು. ಆ ವೇಳೆಗಾಗಲೇ ರೋಗವು ಇಳಿಮುಖವಾಗಿತ್ತೆಂಬುದನ್ನೂ ಸ್ನೋ ಒಪ್ಪಿಕೊಂಡಿದ್ದಾನೆ. ಸರಕಾರದ ಆರೋಗ್ಯ ಮಂಡಲಿಯಾದರೋ ಆತನ ವಿವರಣೆಯನ್ನು ಆಗ ಅಂಗೀಕರಿಸಲಿಲ್ಲ.

ಆದುದರಿಂದ ಅಂಕಿಗಳಿದ್ದ ಮಾತ್ರಕ್ಕೆ ಕೆಲಸ ಆಗಿಯೇ ತೀರುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಉದಾಸೀನನಾದ ಅಧಿಕಾರಿಯು ಎಂಥ ಅರ್ಜಿಯನ್ನಾದರೂ ಕಪಾಟಿಗೆ ಸೇರಿಸಬಲ್ಲನು. ಆದರೆ ಹೊತ್ತು, ಸ್ಥಳ, ಅಳತೆಗಳಿರುವ ಅರ್ಜಿಗೆ “ಹುರುಳಿಲ್ಲ” ಎಂದು ಬರೆಯುವುದು ಸುಲಭವಲ್ಲ. ಕೆಲಸ ಮಾಡಬೇಕೆಂಬ ಎಂಜಿನಿಯರನಿಗೆ ಅದು ದಾರಿಯನ್ನೂ ತೋರಿಸುತ್ತದೆ.

ಗ್ರಾಮಸಭೆಯ ಸದಸ್ಯತ್ವ ಮತದಾರರಿಗೆ ಮಾತ್ರ. ಆದರೆ ಹೈಸ್ಕೂಲಿನ ಹುಡುಗಿಯೊಬ್ಬಳು ಮನೆಮನೆಯ ನೀರಿನ ಪಟ್ಟಿ ಮಾಡಿಕೊಟ್ಟರೆ, ಅದನ್ನು ಸಭೆಯಲ್ಲಿ ಓದಲು ಆಕೆಯ ತಾಯಿಗೆ ಯಾರ ಅಡ್ಡಿಯೂ ಇಲ್ಲ. ಪುರಸಭೆಯು ಮಾಡಿಸಿರುವ ನೀರಿನ ಪರೀಕ್ಷೆಯ ವರದಿ ಬೇಕಾದರೆ, 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಕೇಳಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವಿದೆ. ಅರ್ಜಿಯ ಪ್ರತಿಯೊಂದರ ಮೇಲೆ ತಾರೀಖು ಸಹಿತ ಕಚೇರಿಯ ಮೊಹರನ್ನು ಹಾಕಿಸಿಕೊಳ್ಳುವುದನ್ನು ಮರೆಯಬಾರದು.

ನಮ್ಮ ಬೀದಿಯ ಎರಡನೆಯ ಅರ್ಜಿಯಲ್ಲಿ ಹನ್ನೊಂದು ಮನೆಗಳ ಪಟ್ಟಿಯಿತ್ತು. ನೀರು ಚೆನ್ನಾಗಿಯೇ ಬರುತ್ತಿದ್ದ ಮೂರು ಮನೆಗಳನ್ನೂ ಸೇರಿಸಿದ್ದೆವು. ಅಗೆಯುವವರು ಬರುವಷ್ಟರಲ್ಲಿ ಮೂರು ವಾರಗಳು ಕಳೆದವು. ಅಷ್ಟು ದಿನವೂ ನೀರನ್ನು ಕುದಿಸಿ ಕುಡಿದೆವು.