ಚಕ್ರ ಬದಲಿಸಿದ ಮಾತ್ರಕ್ಕೆ ರೇಸ್ ಕಾರಾಗುತ್ತಾ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ‘ಮಾಡಿಫೈ’ ಮಾಡಿಸಿದ ಹಳೇ ಕಾರು ಒಂದಾದರೂ ಕಣ್ಣಿಗೆ ಬೀಳುತ್ತೆ. ಹೆಚ್ಚಾಗಿ ಮಾರುತಿ 800, ಅಪರೂಪಕ್ಕೊಂದು ಪ್ರೀಮಿಯರ್ ಪದ್ಮಿನಿ. ಮಡ್‌ಗಾರ್ಡಿನಿಂದ ಆಚೆ ಚಾಚಿರೋ ಅಗಲದ ಅಲಾಯ್ ಚಕ್ರ, ನೆಲ ಮುಟ್ಟುವಷ್ಟು ಇಳಿಸಿದ ಬಾಡಿ... ಹಂಪ್ ಬಂತೋ, ಬಸುರಿ ಹೆಂಗಸಿನ ಥರ ಹುಷಾರಾಗಿ ಹೆಜ್ಜೆ! ಕೇಳಿದರೆ "ರೇಸಿಗೆ ರೆಡಿ ಮಾಡ್ಸಿದೀನಿ ಸಾರ್" ಅನ್ನೋ ಉತ್ತರ :-)

ಹಳೇ ಕಾರನ್ನು ರೇಸಿಗೆ ಇಳಿಸೋದಕ್ಕೆ ನನ್ನ ವಿರೋಧ ಖಂಡಿತ ಇಲ್ಲ. ಶೆಡ್ಡಿನಲ್ಲಿ ತುಕ್ಕು ಹಿಡಿಯೋದಕ್ಕಿಂತ ಓಡೋದೇ ಮೇಲು. ನನ್ನ ತಕರಾರು ಎರಡೇ: ದುಡ್ಡು ತಪ್ಪು ಜಾಗಕ್ಕೆ ಹೋಗ್ತಿದೆ, ಕಾರು ತಪ್ಪು ಜಾಗದಲ್ಲಿ ಓಡ್ತಿದೆ.

ಮೊದಲು ದುಡ್ಡಿನ ಮಾತು. ವಿದೇಶದ ಹಳೇ ಸ್ಪೋರ್ಟ್ಸ್ ಕಾರುಗಳು ನಮ್ಮಲ್ಲಿ ಶ್ರೀಮಂತರ ಸ್ವತ್ತು. ನಮ್ಮಂಥವರ ಸ್ಪೋರ್ಟ್ಸ್ ಕಾರು ಅಂದರೆ ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನದೇ ನಮ್ಮ ರೂಪ. ಫೈಬರ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಚಕ್ರ ಕೇವಲ 10 ಇಂಚು! ಪೇಟೆಯಲ್ಲಿ ಮಾರುತಿ ಮುಂದೆ ಸೋತ ಈ ಪುಟಾಣಿ, ಮದ್ರಾಸಿನ ಶೋಲಾವರಂ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಹೆಸರು ಮಾಡಿತು. ಅದರ ದೊಡ್ಡ ಬಂಡವಾಳ ಕಡಿಮೆ ತೂಕ.

ಈ ತೂಕದ ಗುಟ್ಟು ಕುಣಿಗಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು ಅದು. ರೇಸ್ ಕುದುರೆಗೆ ಓಟದ ದಿನ ಹಗುರವಾದ ಅಲ್ಯೂಮಿನಿಯಂ ಲಾಳ ಹಾಕ್ತಾರೆ. ಬೆನ್ನ ಮೇಲಿನ ತೂಕಕ್ಕಿಂತ ಕಾಲಿನ ತುದಿಯ ತೂಕ ಹೆಚ್ಚು ಕಾಡುತ್ತೆ, ಯಾಕಂದರೆ ಅದನ್ನ ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕು. ಕಾರಿನ ಚಕ್ರವೂ ಹಾಗೇ. ಪ್ರತಿ ಗುಂಡಿಗೂ ಮೇಲೆ ಕೆಳಗೆ ಆಡೋದು ಅದೇ, ಸುತ್ತೋದೂ ಅದೇ. ಎರಡು ಇಂಚು ದೊಡ್ಡದಾದ ಭಾರೀ ಚಕ್ರ ಹಾಕಿಸಿದರೆ ನಿಮ್ಮ ಕುದುರೆಗೆ ಕಬ್ಬಿಣದ ಬೂಟು ಹಾಕಿಸಿದ ಹಾಗೆ. ಚಕ್ರ ಆಚೆ ಚಾಚಿದಷ್ಟೂ ಬೇರಿಂಗಿಗೂ ಪೆಟ್ಟು.

ಇನ್ನು ಸ್ಪ್ರಿಂಗ್ ಕತ್ತರಿಸೋ ಖಯಾಲಿ. ಪದ್ಮಿನಿಯ ಮುಂದೆ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ಕಾಯಿಲಿನ ಒಂದು ಸುತ್ತು ಕತ್ತರಿಸಿದರೆ ಕಾರು ತಗ್ಗುತ್ತೆ, ಸ್ಪ್ರಿಂಗ್ ಗಟ್ಟಿಯೂ ಆಗುತ್ತೆ, ನಿಜ. ಆದರೆ ಶಾಕ್ ಅಬ್ಸಾರ್ಬರ್ ಹಳೇದೇ ಅಲ್ವಾ? ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನ ತಡೆಯೋ ತಾಕತ್ತು ಅದಕ್ಕಿಲ್ಲ. ಚಕ್ರ ಚೆಂಡಿನಂತೆ ಪುಟಿಯುತ್ತೆ. ನೆಲ ಬಿಟ್ಟ ಟೈರು ತಿರುಗಿಸಿದರೂ ತಿರುಗಲ್ಲ, ಬ್ರೇಕ್ ಹಾಕಿದರೂ ನಿಲ್ಲಲ್ಲ.

ಇನ್ನೊಂದು ತಮಾಷೆ ಇದೆ. ನಮ್ಮ ಜಿಲ್ಲೆಯ ಹುಡುಗರ ಕೈಗೆಟುಕೋ ಮೋಟಾರ್ ಕ್ರೀಡೆ ಅಂದರೆ ಆಟೋಕ್ರಾಸ್, ರ‍್ಯಾಲಿ. ಎರಡೂ ಹೆಚ್ಚಾಗಿ ಮಣ್ಣಿನ ಮೇಲೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ತುಮಕೂರಿನ ಆಸುಪಾಸಿನಲ್ಲೂ ನಡೆದಿದೆ. ಗುಬ್ಬಿ ಕಡೆ ತೆಂಗಿನ ತೋಟಗಳ ನಡುವಿನ ಕಲ್ಲು-ಮಣ್ಣಿನ ದಾರಿ ನೆನಪಿಸಿಕೊಳ್ಳಿ. ಅಲ್ಲಿ ಬೇಕಾದ್ದು ಎತ್ತರ, ಚಕ್ರಕ್ಕೆ ಮೇಲೆ ಕೆಳಗೆ ಆಡೋಕೆ ಜಾಗ, ಸಡಿಲ ಜಲ್ಲಿ ಸೀಳಿ ಗಟ್ಟಿ ನೆಲ ಹಿಡಿಯೋ ಸಣ್ಣ ಟೈರು. ಇವರು ಮಾಡಿಸಿರೋದು ಪೂರಾ ಉಲ್ಟಾ!

ನನ್ನನ್ನ ಕೇಳಿದರೆ ಖರ್ಚಿನ ಸಾಲು ಹೀಗಿರಲಿ. ಮೊದಲು ಬ್ರೇಕು. ಆಮೇಲೆ ಸಸ್ಪೆನ್ಷನ್ನಿನ ಸವೆದ ಬುಷ್‌ಗಳು, ಬಾಲ್ ಜಾಯಿಂಟ್‌ಗಳು (ಮೂವತ್ತು ವರ್ಷದ ರಬ್ಬರು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ). ಮೂರನೇದು ಒಳ್ಳೇ ಶಾಕ್ ಅಬ್ಸಾರ್ಬರ್, ಅದಕ್ಕೆ ಹೊಂದೋ ಸ್ಪ್ರಿಂಗ್. ನಾಲ್ಕನೇದು ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಹೂವು ಎಷ್ಟೇ ಆಳವಿದ್ದರೂ ಮುದಿ ಟೈರು ಬೇಡ. ಆಮೇಲೆ ಅಲೈನ್‌ಮೆಂಟ್. ಇಷ್ಟಾಗಿ ದುಡ್ಡು ಉಳಿದರೆ ಹಗುರವಾದ ಚಕ್ರ. ಇದರಲ್ಲಿ ಮುಕ್ಕಾಲು ಕೆಲಸ ಹೊರಗಿನವರಿಗೆ ಕಾಣಲ್ಲ. ಬಹುಶಃ ಅದಕ್ಕೇ ಯಾರೂ ಮಾಡಿಸಲ್ಲ! ಬಿಚ್ಚಿದ ಹಳೇ ಭಾಗಗಳನ್ನ ಗುಜರಿಗೆ ಹಾಕಬೇಡಿ. ಪದ್ಮಿನಿ ಇನ್ನು ಹುಟ್ಟಿ ಬರಲ್ಲ. ಮುಂದೊಂದು ದಿನ ಅದನ್ನ ಮೊದಲಿನ ಹಾಗೆ ಮಾಡೋ ದಾರಿ ತೆರೆದಿರಲಿ.

ಈಗ ಎರಡನೇ ತಕರಾರು. ರಾತ್ರಿ ಹತ್ತರ ಮೇಲೆ ಕುಣಿಗಲ್ ರಸ್ತೆಯಲ್ಲಿ ಇಂಥ ಕಾರುಗಳ ಪಂದ್ಯ. ಅದೇ ರಸ್ತೆಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಬರುತ್ತೆ, ತೋಟದಿಂದ ಸೈಕಲ್ ತಳ್ಳಿಕೊಂಡು ಯಾರೋ ಮನೆಗೆ ಹೋಗ್ತಿರ್ತಾರೆ. ರೇಸಿಗೆ ಹೊರಟವನು ಹೆಲ್ಮೆಟ್, ಬೆಲ್ಟು, ಕೇಜು ಅಂತ ತನ್ನ ಅಪಾಯ ತಾನೇ ಒಪ್ಪಿಕೊಂಡಿರ್ತಾನೆ. ಸೈಕಲ್ಲಿನವನು ಯಾವ ಫಾರಮ್ಮಿಗೂ ಸಹಿ ಹಾಕಿಲ್ಲ. ಕಾನೂನೂ ಸಡಿಲವಾಗಿಲ್ಲ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗಾಗಿ ರೇಸ್ ಕಾರನ್ನ ರಸ್ತೆಗೆ ಇಳಿಸಬೇಡಿ. ಕ್ಯಾಂಟರಿನಲ್ಲಿ ಹಾಕಿಕೊಂಡು ಹೋಗಿ, ಎಫ್‌ಎಂಎಸ್‌ಸಿಐ ಒಪ್ಪಿಗೆ ಇರೋ ಕ್ಲಬ್ಬುಗಳ ಆಟೋಕ್ರಾಸಿನಲ್ಲಿ ಓಡಿಸಿ. ಅಲ್ಲಿ ಗಡಿಯಾರ ಸುಳ್ಳು ಹೇಳಲ್ಲ. ನಿಮ್ಮ ಅಲಾಯ್ ಚಕ್ರದ ಬೆಲೆ ಎಷ್ಟು ಸೆಕೆಂಡು ಅಂತ ಗೊತ್ತಾಗುತ್ತೆ. ಹುಡುಗರಿಗೆ ‘ಬೇಡ’ ಅಂದರೆ ಸಾಲದು ಅನ್ನೋದೂ ನನಗೆ ಗೊತ್ತು. ತುಮಕೂರಿನ ಹತ್ತಿರ ನಾಲ್ಕೈದು ಎಕರೆ ಬೀಳು ಜಾಗ, ಒಂದು ಆಂಬುಲೆನ್ಸ್, ತಿಂಗಳಿಗೊಂದು ಭಾನುವಾರ ಸಿಕ್ಕರೆ ಕುಣಿಗಲ್ ರಸ್ತೆ ರಾತ್ರಿ ಎಷ್ಟೋ ತಣ್ಣಗಿರುತ್ತೆ.

ನಿಮ್ಮ ಊರಲ್ಲಿ ಹೇಗಿದೆ ಪರಿಸ್ಥಿತಿ? ಯಾರ ಶೆಡ್ಡಿನಲ್ಲಾದರೂ ಡಾಲ್ಫಿನ್ ಇನ್ನೂ ಉಸಿರಾಡ್ತಿದ್ದರೆ ದಯವಿಟ್ಟು ತಿಳಿಸಿ, ನೋಡೋಕೆ ನಾನೇ ಬರ್ತೀನಿ :-)